ಮನೆಯ ಸ್ಟೀರಿಯೋದಲ್ಲಿ ಎಫ್.ಎಂ. ಬಾನುಲಿ: ಕ್ಷೀಣಧ್ವನಿಯನ್ನು ಸ್ಫುಟಗೊಳಿಸುವ ಬಗೆ

ಉತ್ತಮವಾದ ಆಂಪ್ಲಿಫೈಯರನ್ನೂ ದೊಡ್ಡ ಸ್ಪೀಕರುಗಳನ್ನೂ ಒಳಗೊಂಡ ಸ್ಟೀರಿಯೋ ಯಂತ್ರವನ್ನು ಹಣ ಕೂಡಿಸಿ ಕೊಂಡುತಂದು ಹಜಾರದಲ್ಲಿ ಇರಿಸಿಕೊಂಡ ಗೃಹಸ್ಥರು, ಅದರಲ್ಲಿ ಎಫ್.ಎಂ. ನಿಲಯವೊಂದನ್ನು ಹಿಡಿದೊಡನೆ ಗಾಯನದ ಬೆನ್ನಿಗೇ ಎಡೆಬಿಡದ ‘ಸುಯ್’ ಎಂಬ ಶಬ್ದವೂ ಕೇಳಿಬರುವುದರಿಂದ ಖಿನ್ನರಾಗುವುದೂ, ಅದೇ ವೇಳೆಗೆ ಅಡುಗೆಮನೆಯ ಕಿಟಕಿಯ ಅಂಚಿನಲ್ಲಿರುವ ಅಂಗೈಯಗಲದ ರೇಡಿಯೋ ಅದೇ ಹಾಡನ್ನು ನಿರ್ಮಲವಾಗಿ ಕೇಳಿಸುತ್ತಿರುವುದನ್ನು ಗಮನಿಸಿ, ತಾವು ಕೊಂಡ ಯಂತ್ರದಲ್ಲಿಯೇ ಏನೋ ದೋಷವಿರಬೇಕೆಂದು ನಿಶ್ಚಯಿಸುವುದೂ ನಮ್ಮಲ್ಲಿ ಬಹು ಸಾಮಾನ್ಯವಾದ ಸಂಗತಿ. ಆದರೆ ದೋಷವು ಪ್ರಾಯಶಃ ಯಂತ್ರದ್ದಾಗಿರುವುದಿಲ್ಲ. ಕಿಟಕಿಯ ರೇಡಿಯೋಗೆ ಬಯಲಿನ ಆಕಾಶವಿದೆ, ನೀಳವಾಗಿ ಎಳೆದು ನಿಲ್ಲಿಸಿದ ಲೋಹದ ಕಡ್ಡಿಯಿದೆ, ಬ್ಯಾಟರಿಯಿಂದ ನಡೆಯುವುದರಿಂದ ಮನೆಯ ವಿದ್ಯುತ್ತಂತಿಗಳ ಗದ್ದಲ ಅದರೊಳಕ್ಕೆ ನುಗ್ಗುವ ದಾರಿಯೂ ಕಡಿಮೆ. ಸ್ಟೀರಿಯೋವಾದರೋ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ, ಟಿ.ವಿ.ಗೂ ಉಕ್ಕಿನ ಬೀರುವಿಗೂ ನಡುವೆ ಕುಳಿತಿದೆ, ಅದರೊಡನೆ ಬಂದ ತೆಳುವಾದ ತಂತಿ ಪೊಟ್ಟಣದಲ್ಲಿ ಮಡಿಸಿದ್ದ ಹಾಗೆಯೇ ಹಿಂಬದಿಯಲ್ಲಿ ಸುರುಳಿಯಾಗಿ ಬಿದ್ದಿದೆ. ಎಫ್.ಎಂ. ಶ್ರವಣದ ಗುಣವು ಆಂಟೆನಾದಿಂದ ಆರಂಭವಾಗುತ್ತದೆ. ಆಂಟೆನಾ ಕೊಡದಿರುವುದನ್ನು ಎಷ್ಟು ಬೆಲೆಯ ಯಂತ್ರವಾದರೂ ತಾನಾಗಿ ಸೃಷ್ಟಿಸಿಕೊಡಲಾರದು ಎಂಬುದೇ ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವ ಮುಖ್ಯ ವಿಷಯ.

ಧಾರವಾಡದ 765 ಕಿಲೋಹರ್ಟ್ಸಿನ ಮಧ್ಯಮ ತರಂಗವನ್ನೋ ಬೆಂಗಳೂರಿನ 612 ಕಿಲೋಹರ್ಟ್ಸನ್ನೋ ದಶಕಗಳ ಕಾಲ ಕೇಳಿ ಬೆಳೆದವರಿಗೆ ಈ ಮಾತು ಸುಲಭವಾಗಿ ಒಗ್ಗುವುದಿಲ್ಲ. ಏಕೆಂದರೆ ಆ ತರಂಗಗಳ ಸ್ವಭಾವವೇ ಬೇರೆ. ಧಾರವಾಡದ ಆ ಒಂದು ತರಂಗದ ಉದ್ದ ಸುಮಾರು 390 ಮೀಟರು. ಅಷ್ಟು ದೊಡ್ಡ ಅಲೆಯು ನೆಲದ ಮೇಲೆ ಒರಗಿಕೊಂಡೇ ಸಾಗಿ, ಗುಡ್ಡಗಳನ್ನು ಬಳಸಿ, ಊರುಗಳನ್ನು ದಾಟಿ, ನೂರಾರು ಕಿಲೋಮೀಟರುಗಳಾಚೆಯ ಹೊಲದ ಮನೆಯಲ್ಲಿಯೂ ಕೇಳಿಸಬಲ್ಲದು. ಎಫ್.ಎಂ. ಪ್ರಸಾರವು ನಡೆಯುವುದು 88ರಿಂದ 108 ಮೆಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ. ಅಲ್ಲಿ ತರಂಗದ ಉದ್ದ ಕೇವಲ 3 ಮೀಟರಿನ ಆಸುಪಾಸು. ಇಂಥ ಅಲೆಯು ಬಹುಮಟ್ಟಿಗೆ ಬೆಳಕಿನ ನಡೆಯನ್ನೇ ಅನುಸರಿಸುತ್ತದೆ: ನೇರವಾಗಿ ಹರಿಯುತ್ತದೆ, ಬೆಟ್ಟದ ಹಿಂದೆ ನೆರಳನ್ನು ಬಿಡುತ್ತದೆ, ಬಂಡೆಗಳಿಂದಲೂ ಕಟ್ಟಡಗಳಿಂದಲೂ ಪ್ರತಿಫಲಿತವಾಗುತ್ತದೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟು ಪಡೆದ ಈ ವಿಧಾನದಲ್ಲಿ ಧ್ವನಿಯು ಅಲೆಯ ಎತ್ತರದಲ್ಲಿ ಅಡಗಿರದೆ ಅದರ ಕಂಪನಾಂಕದ ಏರಿಳಿತಗಳಲ್ಲಿ ಅಡಗಿರುವುದರಿಂದ, ಗುಡುಗು ಮಿಂಚುಗಳ ಕರಕರ ಶಬ್ದವನ್ನು ಗ್ರಾಹಕಯಂತ್ರವು ಬಹುಪಾಲು ಕತ್ತರಿಸಿ ಬಿಸುಡಬಲ್ಲದು, ತಂಬೂರಿಯ ಸೂಕ್ಷ್ಮವಾದ ಮೇಲ್ಸ್ವರಗಳನ್ನು ಸುಮಾರು 15 ಕಿಲೋಹರ್ಟ್ಸಿನವರೆಗೂ ಕೇಳುಗರಿಗೆ ಮುಟ್ಟಿಸಬಲ್ಲದು. ಆದರೆ ಈ ಶಕ್ತಿಯೆಲ್ಲವೂ ಒಂದು ಷರತ್ತಿಗೆ ಒಳಪಟ್ಟದ್ದು: ಬರುವ ಅಲೆಯು ಒಂದು ನಿರ್ದಿಷ್ಟ ಮಟ್ಟಕ್ಕಿಂತ ಬಲವಾಗಿರಬೇಕು. ಆ ಮಟ್ಟದಿಂದ ಕೆಳಗಿಳಿದೊಡನೆ ಎಫ್.ಎಂ. ಮೆಲ್ಲಮೆಲ್ಲನೆ ಕೆಡುವುದಿಲ್ಲ, ಥಟ್ಟನೆ ಕೆಡುತ್ತದೆ. ಅದಕ್ಕಾಗಿಯೇ, ಪ್ರಸಾರದ ವ್ಯಾಪ್ತಿಯ ಅಂಚಿನಲ್ಲಿರುವ ಮನೆಯಲ್ಲಿ ಆಂಟೆನಾವನ್ನು ಒಂದೆರಡು ಮೊಳ ಮೇಲೇರಿಸಿದ ಮಾತ್ರಕ್ಕೆ ಕೆಟ್ಟದ್ದೆಂದು ಕೈಬಿಟ್ಟಿದ್ದ ನಿಲಯವೊಂದು ಸಂಪೂರ್ಣವಾಗಿ ನಿರ್ಮಲವಾಗಿಬಿಡುವುದುಂಟು.

ಅಂಚು ಎಲ್ಲಿದೆಯೆಂಬುದನ್ನು ತಿಳಿಯಲು ಒಂದು ಸರಳವಾದ ಲೆಕ್ಕವಿದೆ. ಪ್ರಸಾರದ ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಆ ಗೋಪುರಕ್ಕೆ ಕಾಣುವ ರೇಡಿಯೋ ದಿಗಂತವು ಎಷ್ಟು ಕಿಲೋಮೀಟರು ದೂರವೆಂಬುದು ಸಿಕ್ಕುತ್ತದೆ. ಕೇಳುಗನ ಆಂಟೆನಾಕ್ಕೂ ಇದೇ ಲೆಕ್ಕವನ್ನು ಹಾಕಿ ಎರಡನ್ನೂ ಕೂಡಿಸಬೇಕು. ಗೋಪುರವು 100 ಮೀಟರಿನದೆಂದು ಇಟ್ಟುಕೊಂಡರೆ ಅದರ ಪಾಲು 41 ಕಿಲೋಮೀಟರು. ಮಹಡಿಯಿಲ್ಲದ ಮನೆಯ ಕೋಣೆಯಲ್ಲಿ, 3 ಮೀಟರಿನ ಎತ್ತರದಲ್ಲಿರುವ ತಂತಿಯ ಪಾಲು 7. ಅದೇ ಮನೆಯ ತಾರಸಿಯ ಮೇಲೆ ಕಂಬ ನೆಟ್ಟು 10 ಮೀಟರಿಗೆ ಏರಿಸಿದರೆ 13. ಚನ್ನಪಟ್ಟಣದಲ್ಲಿರುವ ಒಬ್ಬ ಶ್ರೋತೃವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರಿನ ಮಧ್ಯಭಾಗದಿಂದ ಆ ಊರು ನೇರ ರೇಖೆಯಲ್ಲಿ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿದೆ. ಅಂದರೆ ಕೋಣೆಯ ತಂತಿಯು ದಿಗಂತದ ಆಚೆಗೂ ತಾರಸಿಯ ಕಂಬವು ದಿಗಂತದ ಈಚೆಗೂ ನಿಲ್ಲುವಂಥ ಸ್ಥಳವದು. ಬೆಂಗಳೂರಿನ ನೆಲವು ಚನ್ನಪಟ್ಟಣದ ನೆಲಕ್ಕಿಂತ ಎತ್ತರದಲ್ಲಿರುವುದು ಅನುಕೂಲಕರವೇ ಸರಿ, ಆದರೆ ನಡುವೆ ನಿಂತಿರುವ ರಾಮನಗರದ ಕಲ್ಲುಬೆಟ್ಟಗಳು ಆ ಅನುಕೂಲದಲ್ಲಿ ಒಂದು ಪಾಲನ್ನು ಕಸಿದುಕೊಳ್ಳುತ್ತವೆ. ದಿಗಂತದಾಚೆ ಪ್ರಸಾರವು ಪೂರ್ತಿಯಾಗಿ ನಿಂತುಹೋಗುವುದೆಂದೇನೂ ಅಲ್ಲ, ಅದು ವೇಗವಾಗಿ ಕ್ಷೀಣಿಸುತ್ತದೆ, ಹವೆಯೊಂದಿಗೆ ಏರಿಳಿಯುತ್ತದೆ. ಒಂದು ದಿನ ಬೆಳಗಿನ ಜಾವದಲ್ಲಿ ಸ್ಪಷ್ಟವಾಗಿ ಕೇಳಿದ ನಿಲಯವು ಅದೇ ದಿನ ಮಧ್ಯಾಹ್ನ ಕಾಣೆಯಾಗುವುದಕ್ಕೆ ಇದೇ ಕಾರಣ.

ಯಾವ ವಸ್ತುವನ್ನೂ ಕೊಳ್ಳುವ ಮುನ್ನ, ಒಂದು ಸಂಜೆ ಕುಳಿತು ಕೆಟ್ಟ ಧ್ವನಿಯನ್ನೇ ಮನಸ್ಸಿಟ್ಟು ಕೇಳಬೇಕೆಂದು ನಾನು ಓದುಗರನ್ನು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇನೆ; ಏಕೆಂದರೆ ರೋಗಗಳು ಹಲವು, ಮದ್ದುಗಳೂ ಬೇರೆ ಬೇರೆ, ಒಂದಕ್ಕೆ ಹಿತವಾದದ್ದು ಮತ್ತೊಂದಕ್ಕೆ ಅಹಿತವಾಗುವುದೂ ಉಂಟು. ಸಂಗೀತದ ಹಿಂದೆ ಸಮನಾದ, ಏರಿಳಿತವಿಲ್ಲದ ‘ಸುಯ್’ ಶಬ್ದವಿದ್ದರೆ ಅಲೆಯ ಬಲ ಸಾಲದೆಂದು ಅರ್ಥ. ಶಬ್ದವು ಜೋರಾಗಿಯೇ ಇದ್ದು, ‘ಸ’ಕಾರ ‘ಶ’ಕಾರಗಳು ಮಾತ್ರ ಹರಿದ ಕಾಗದದಂತೆ ಒರಟಾಗಿ ಕೇಳಿ, ಕೋಣೆಯಲ್ಲಿ ಯಾರಾದರೂ ನಡೆದಾಡಿದಾಗ ಆ ಒರಟುತನ ಹೆಚ್ಚುಕಡಿಮೆಯಾಗುತ್ತಿದ್ದರೆ, ಅಲೆಗೆ ಬಲವಿದೆ, ಆದರೆ ನೇರವಾಗಿ ಬಂದ ಅಲೆಯೊಂದಿಗೆ ಕಟ್ಟಡ ಬೆಟ್ಟಗಳಿಂದ ಪ್ರತಿಫಲಿತವಾಗಿ ತಡವಾಗಿ ಬಂದ ಅಲೆಯೂ ಬೆರೆಯುತ್ತಿದೆಯೆಂದು ತಿಳಿಯಬೇಕು. ‘ಗುರ್’ ಎಂಬ ಗುಂಜಾರವವೋ ಚಿಟಿಚಿಟಿ ಶಬ್ದವೋ ಇದ್ದು, ದೀಪ ಹಾಕಿದಾಗ ಅಥವಾ ಚಾರ್ಜರು ಚುಚ್ಚಿದಾಗ ಅದು ಹುಟ್ಟಿ, ತೆಗೆದಾಗ ಅಡಗುವುದಾದರೆ ಶತ್ರುವು ಮನೆಯೊಳಗೇ ಇದ್ದಾನೆ. ಒಂದೇ ನಿಲಯವು ತನ್ನದಲ್ಲದ ಹಲವು ಸ್ಥಾನಗಳಲ್ಲಿ ಕಾಣಿಸಿಕೊಂಡರೆ, ಅಥವಾ ಇಬ್ಬರು ಉದ್ಘೋಷಕರು ಒಟ್ಟಿಗೇ ಮಾತನಾಡಿದಂತೆ ಕೇಳಿದರೆ, ಅಲೆಯು ಬಲಹೀನವಾಗಿರುವುದಕ್ಕಿಂತ ಬಲದ ಅತಿರೇಕವೇ ಕಾರಣವಾಗಿರಬಹುದು. ಬೆಂಗಳೂರಿನ ಗೋಪುರಗಳ ಸಮೀಪದಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಮೊದಲನೆಯ ರೋಗಕ್ಕೆ ಖರ್ಚಿಲ್ಲದ ಒಂದು ಪರಿಹಾರವು ಯಂತ್ರದ ಮುಖದ ಮೇಲೆಯೇ ಇದೆ. ಎಫ್.ಎಂ. ಸ್ಟೀರಿಯೋ ಪ್ರಸಾರದಲ್ಲಿ ಎಡಬಲಗಳ ಮೊತ್ತವನ್ನು ಸಾಮಾನ್ಯ ಧ್ವನಿಯಾಗಿಯೂ, ಎಡಬಲಗಳ ವ್ಯತ್ಯಾಸವನ್ನು 38 ಕಿಲೋಹರ್ಟ್ಸಿನ ಉಪವಾಹಕದ ಮೇಲೆ ಹೊರಿಸಿಯೂ ಕಳುಹಿಸುತ್ತಾರೆ; ಜೊತೆಗೆ 19 ಕಿಲೋಹರ್ಟ್ಸಿನ ಒಂದು ಸೂಚಕ ಸ್ವರವಿರುತ್ತದೆ, ಅದನ್ನು ಗುರುತಿಸಿದೊಡನೆ ಯಂತ್ರದ ‘ಸ್ಟೀರಿಯೋ’ ದೀಪ ಹೊತ್ತಿಕೊಳ್ಳುತ್ತದೆ. ಎಫ್.ಎಂ. ವಿಧಾನದಲ್ಲಿ ಕಂಪನಾಂಕ ಏರಿದಂತೆಲ್ಲ ಗದ್ದಲವೂ ಏರುವುದರಿಂದ, ಮೇಲಿನ ಅಂತಸ್ತಿನಲ್ಲಿ ಹೊತ್ತು ತಂದ ಆ ವ್ಯತ್ಯಾಸದ ಭಾಗವು ಬಹಳಷ್ಟು ‘ಸುಯ್’ ಶಬ್ದವನ್ನು ತನ್ನೊಡನೆ ಎಳೆದುತರುತ್ತದೆ. ಕ್ಷೀಣವಾದ ನಿಲಯದಲ್ಲಿ ಮೋನೋಗಿಂತ ಸ್ಟೀರಿಯೋ ಶ್ರವಣವು ಇಪ್ಪತ್ತು ಡೆಸಿಬೆಲ್ಲಿಗೂ ಮಿಗಿಲಾಗಿ, ಎಂದರೆ ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟಿಗೂ ಮಿಗಿಲಾಗಿ ಗದ್ದಲದಿಂದ ಕೂಡಿರುತ್ತದೆ. ‘ಮೋನೋ’ ಎಂಬ ಗುಂಡಿಯನ್ನು ಒತ್ತಿದೊಡನೆ ಆ ಗದ್ದಲವೆಲ್ಲ ಉಡುಗಿಹೋಗುವುದು ಇದರಿಂದಲೇ. ವಾರ್ತೆ, ನಾಟಕ, ಚಿಂತನಗಳಿಗೆ ಎಡಬಲಗಳ ಭೇದ ಬೇಕಾಗಿಯೇ ಇಲ್ಲ; ಹಳೆಯ ಚಿತ್ರಗೀತೆಗಳ ಬಹುಪಾಲು ಧ್ವನಿಮುದ್ರಿಕೆಗಳು ಮೂಲದಲ್ಲಿಯೇ ಮೋನೋ ಆಗಿರುವುದರಿಂದ, ವಿವಿಧ ಭಾರತಿಯ 102.9ರಲ್ಲಿ ಅವುಗಳನ್ನು ಮೋನೋದಲ್ಲಿ ಕೇಳುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ದೂರದ ನಿಲಯಕ್ಕೆ ಸ್ಟೀರಿಯೋ ಬೇಕೆಂದು ಹಟ ಹಿಡಿಯುವುದಕ್ಕಿಂತ ಶಾಂತವಾದ ಮೋನೋವನ್ನು ಆರಿಸಿಕೊಳ್ಳುವುದು ವಿವೇಕವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಆಂಟೆನಾದ ವಿಚಾರ. ಯಂತ್ರದೊಡನೆ ಬಂದಿರುವುದು ‘ಟಿ’ ಆಕಾರದ ಪಟ್ಟಿತಂತಿಯಾಗಿದ್ದರೆ ಅದರ ಎರಡು ತೋಳುಗಳನ್ನೂ ಪೂರ್ತಿಯಾಗಿ ಬಿಡಿಸಿ, ಗೋಡೆಯ ಮೇಲ್ಭಾಗದಲ್ಲಿ, ಸಾಧ್ಯವಾದರೆ ಕಿಟಕಿಯ ನೆತ್ತಿಯ ಮೇಲೆ, ಅಡ್ಡವಾಗಿ ಟೇಪಿನಿಂದ ಅಂಟಿಸಬೇಕು. ಒಂಟಿ ತಂತಿಯಾಗಿದ್ದರೆ ಅದನ್ನು ನೇರವಾಗಿ ಎಳೆದು, ಅಡ್ಡವಾಗಿಯೂ ಲಂಬವಾಗಿಯೂ ಇಟ್ಟು ಎರಡನ್ನೂ ಪರೀಕ್ಷಿಸಬೇಕು. ಏಕೆಂದರೆ ಅಲೆಯು ಯಾವ ಭಂಗಿಯಲ್ಲಿ ಹೊರಡುವುದೆಂಬುದು ಗೋಪುರದಿಂದ ಗೋಪುರಕ್ಕೆ ಭಿನ್ನವಾಗಿರುವುದಲ್ಲದೆ, ಗೋಡೆಗಳಿಗೆ ತಾಗಿ ಒಳಬರುವಷ್ಟರಲ್ಲಿ ಆ ಭಂಗಿ ಬದಲಾಗಿಯೂ ಇರುತ್ತದೆ. ಆರ್.ಸಿ.ಸಿ. ಛಾವಣಿಯೊಳಗಿನ ಕಬ್ಬಿಣದ ಸರಳುಗಳೂ ತಗಡಿನ ಮಾಡೂ ಅಲೆಯನ್ನು ತಡೆಯುವುದರಿಂದ, ಅಂಥ ಮನೆಯ ಒಳಕೋಣೆಗಳಲ್ಲಿ ಹೊರಗಿನ ಬಲದ ಅಲ್ಪಾಂಶ ಮಾತ್ರ ಉಳಿದಿರುತ್ತದೆ. ಮಂಗಳೂರು ಹೆಂಚಿನ ಮನೆಗಳವರು ಈ ವಿಷಯದಲ್ಲಿ ಭಾಗ್ಯವಂತರು. ಅವರು ಅಟ್ಟದ ಮೇಲೆಯೇ ಆಂಟೆನಾವನ್ನು ಹರಡಿ, ಮಳೆಗಾಳಿಗಳ ಭಯವಿಲ್ಲದೆ ತಾರಸಿಯ ಫಲದ ಬಹುಭಾಗವನ್ನು ಪಡೆಯಬಹುದು.

ಕೋಣೆಯ ಪ್ರಯತ್ನಗಳು ಸಾಲದೆ ಹೋದಾಗ ತಾರಸಿಯನ್ನೇರಲೇಬೇಕು, ಮತ್ತು ಇಲ್ಲಿ ಸ್ವಹಸ್ತದಿಂದ ಮಾಡಬಹುದಾದ ಕೆಲಸ ಬಹಳವಿದೆ. ಅತ್ಯಂತ ಸರಳವೂ ವಿಶ್ವಾಸಾರ್ಹವೂ ಆದದ್ದು ಅರ್ಧತರಂಗದ ಡೈಪೋಲ್: ಒಂದೇ ರೇಖೆಯಲ್ಲಿ ಎದುರುಬದುರಾಗಿ ಚಾಚಿದ ಎರಡು ಲೋಹದ ತೋಳುಗಳು, ನಡುವೆ ಬೆರಳಗಲದ ಬಿಡುವು. ಒಟ್ಟು ಉದ್ದವನ್ನು ಮೀಟರುಗಳಲ್ಲಿ ತಿಳಿಯಬೇಕಾದರೆ 143 ಎಂಬ ಸಂಖ್ಯೆಯನ್ನು ನಿಲಯದ ಮೆಗಾಹರ್ಟ್ಸಿನಿಂದ ಭಾಗಿಸಬೇಕು. ಮೈಸೂರು ಆಕಾಶವಾಣಿಯ 100.6ಕ್ಕೆ ಇದು 1.42 ಮೀಟರು, ಒಂದೊಂದು ತೋಳಿಗೆ 71 ಸೆಂಟಿಮೀಟರು. ಇಡೀ ಪಟ್ಟಿಗೆ ಒಂದೇ ಆಂಟೆನಾ ಬೇಕೆನ್ನುವವರು 98 ಮೆಗಾಹರ್ಟ್ಸನ್ನು ನಡುವಾಗಿ ಹಿಡಿದು 73 ಸೆಂಟಿಮೀಟರಿನ ತೋಳುಗಳನ್ನು ಮಾಡಿಕೊಂಡರೆ ಸಾಕು. ತೆಳುವಾದ ಅಲ್ಯೂಮಿನಿಯಂ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುತ್ತದೆ. ಅದು ದೊರೆಯದಿದ್ದರೆ ಮನೆಯ ವೈರಿಂಗಿನ ದಪ್ಪ ತಾಮ್ರದ ತಂತಿಯನ್ನು ಪಿ.ವಿ.ಸಿ. ಪೈಪಿನೊಳಗೆ ತೂರಿಸಿಯೂ ತೋಳುಗಳನ್ನು ಸಿದ್ಧಪಡಿಸಬಹುದು. ಕೇಬಲ್ಲಿನ ನಡುತಂತಿಯನ್ನು ಒಂದು ತೋಳಿಗೂ, ಹೊರಗಿನ ಜಾಲರಿಯನ್ನು ಮತ್ತೊಂದು ತೋಳಿಗೂ ಬಿಗಿಯಾಗಿ ಸೇರಿಸಿ, ಕೂಡುವ ಸ್ಥಳದ ಕೆಳಗಡೆಯೇ ಅದೇ ಕೇಬಲ್ಲನ್ನು ಗೇಣಗಲದ ಐದಾರು ಸುತ್ತುಗಳಾಗಿ ಸುತ್ತಿ ಕಟ್ಟಬೇಕು. ಕೇಬಲ್ಲಿನ ಹೊರಮೈಯೇ ಆಂಟೆನಾದಂತೆ ವರ್ತಿಸಿ ಮನೆಯ ಗದ್ದಲವನ್ನು ಮೇಲಕ್ಕೆ ಕೊಂಡೊಯ್ಯುವುದನ್ನು ಈ ಸುರುಳಿಯು ತಡೆಯುತ್ತದೆ. ನೀರು ಒಳಸೇರದಂತೆ ಕೂಡುವ ಸ್ಥಳವನ್ನು ಎಪಾಕ್ಸಿ ಮೆದ್ದೆಯಿಂದಲೋ ರಬ್ಬರು ಟೇಪಿನಿಂದಲೋ ಸಂಪೂರ್ಣವಾಗಿ ಮುಚ್ಚಬೇಕು. ಈ ಕಡೆಯ ಮಾತನ್ನು ಉಪೇಕ್ಷಿಸಿದವರ ಆಂಟೆನಾ ಒಂದು ಮುಂಗಾರನ್ನು ದಾಟುವುದಿಲ್ಲ. ಜಾಲರಿಯೊಳಗೆ ಇಳಿದ ನೀರು ತಾಮ್ರವನ್ನು ಕಪ್ಪಾಗಿಸಿ, ಇಡೀ ಕೇಬಲ್ಲನ್ನೇ ನಿಷ್ಪ್ರಯೋಜಕವನ್ನಾಗಿ ಮಾಡುತ್ತದೆ.

ಕೇಬಲ್ಲಿನ ಆಯ್ಕೆಯಲ್ಲಿ ನಮ್ಮ ಕಾಲದವರಿಗೆ ಒಂದು ಸೌಕರ್ಯವಿದೆ. ದೂರದರ್ಶನದ ಆರಂಭದ ವರ್ಷಗಳಲ್ಲಿ ತಾರಸಿಗಳಿಂದ ಇಳಿಯುತ್ತಿದ್ದ ಚಪ್ಪಟೆಯಾದ ಪಟ್ಟಿತಂತಿ 300 ಓಮಿನದು. ಒಣಗಿರುವಾಗ ಅದು ಉತ್ತಮವಾದರೂ, ಮಳೆಯಲ್ಲಿ ನೆಂದಾಗಲೂ ಕಬ್ಬಿಣದ ಸರಳಿಗೆ ತಾಗಿದಾಗಲೂ ಬಲವನ್ನು ಸೋರಿಸಿಬಿಡುತ್ತದೆ. ಇಂದು ಡಿ.ಟಿ.ಎಚ್. ತಟ್ಟೆಗಳಿಗೆ ಬಳಸುವ ಆರ್‌ಜಿ-6 ಎಂಬ ದುಂಡಾದ ಕೇಬಲ್ 75 ಓಮಿನದು, ಸಣ್ಣ ಪೇಟೆಗಳಲ್ಲಿಯೂ ದೊರೆಯುವಂಥದು, ಡೈಪೋಲಿಗೆ ಸಹಜವಾಗಿ ಹೊಂದುವಂಥದು. ಅದರ 30 ಮೀಟರುಗಳಲ್ಲಿ ನಷ್ಟವಾಗುವುದು ಸುಮಾರು 2 ಡೆಸಿಬೆಲ್, ಎಂದರೆ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ ಕೇಬಲ್ಲನ್ನು ಅಗತ್ಯಕ್ಕಿಂತ ಉದ್ದವಾಗಿ ಬಿಟ್ಟು ಮೂಲೆಯಲ್ಲಿ ಸುತ್ತಿಡಬಾರದು. ಹಳೆಯ ಟ್ಯೂನರುಗಳ ಹಿಂಬದಿಯಲ್ಲಿ ಎರಡು ತಿರುಪುಗಳು ಮಾತ್ರ ಇದ್ದು 300 ಓಮ್ ಎಂದು ಬರೆದಿದ್ದರೆ, 75ರಿಂದ 300ಕ್ಕೆ ಹೊಂದಿಸುವ ಬಾಲನ್ ಎಂಬ ಪುಟ್ಟ ಸಾಧನವನ್ನು ನಡುವೆ ಹಾಕಬೇಕು; ಟಿ.ವಿ. ದುರಸ್ತಿಯ ಹಳೆಯ ಅಂಗಡಿಗಳಲ್ಲಿ ಅದು ಇನ್ನೂ ಸಿಕ್ಕುವುದುಂಟು. ಆದರೆ ಡಿ.ಟಿ.ಎಚ್. ತಟ್ಟೆಯಿಂದ ಬರುವ ಕೇಬಲ್ಲನ್ನೇ ಕವಲೊಡೆಸಿ ಸ್ಟೀರಿಯೋಗೆ ಜೋಡಿಸುವ ಆಲೋಚನೆ ಯಾರಿಗೂ ಬಾರದಿರಲಿ: ಆ ಕೇಬಲ್ಲಿನಲ್ಲಿ ತಟ್ಟೆಯ ಸಾಧನವನ್ನು ನಡೆಸುವುದಕ್ಕಾಗಿ 13 ಅಥವಾ 18 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ, ಅದರಲ್ಲಿ ಎಫ್.ಎಂ. ಪ್ರಸಾರದ ಸುಳಿವೂ ಇರುವುದಿಲ್ಲ.

ದಿಕ್ಕಿನ ವಿಷಯದಲ್ಲಿ ಚನ್ನಪಟ್ಟಣದ ಆ ಶ್ರೋತೃವಿನ ಬಳಿಗೆ ಮತ್ತೆ ಹೋಗೋಣ, ಏಕೆಂದರೆ ಆತನ ಸ್ಥಿತಿಯು ಬಹು ಬೋಧಪ್ರದವಾದುದು. ಆತನಿಗೆ ಬೆಂಗಳೂರು ಈಶಾನ್ಯದಲ್ಲಿದೆ, ಮೈಸೂರು ನೈಋತ್ಯದಲ್ಲಿದೆ. ಎರಡೂ ಬಹುತೇಕ ಒಂದೇ ರೇಖೆಯ ಎರಡು ತುದಿಗಳು. ಅಡ್ಡವಾಗಿ ನಿಂತ ಡೈಪೋಲು ತನ್ನ ಮುಂಬದಿಯಿಂದಲೂ ಹಿಂಬದಿಯಿಂದಲೂ ಬರುವ ಅಲೆಗಳನ್ನು ಸಮನಾಗಿ ಸ್ವೀಕರಿಸಿ, ತನ್ನ ತುದಿಗಳತ್ತಣಿಂದ ಬರುವುದನ್ನು ನಿರಾಕರಿಸುವುದರಿಂದ, ತೋಳುಗಳನ್ನು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿ ನಿಲ್ಲಿಸಿದರೆ ಎರಡೂ ನಗರಗಳು ಒಂದೇ ಆಂಟೆನಾಕ್ಕೆ ದಕ್ಕುತ್ತವೆ. ಇದು ಸಂತೋಷದ ವಿಷಯವೇ. ಆದರೆ ಶಾಸ್ತ್ರೀಯ ಸಂಗೀತಕ್ಕೆಂದೇ ಬೆಂಗಳೂರಿನಲ್ಲಿ ಆರಂಭವಾದ ಅಮೃತವರ್ಷಿಣಿಗೆ ಕೊಟ್ಟ ಸ್ಥಾನ 100.1, ಮೈಸೂರಿನದು 100.6, ಇವೆರಡರ ನಡುವಿನ ಅಂತರ ಅರ್ಧ ಮೆಗಾಹರ್ಟ್ಸು ಮಾತ್ರ. ಹೀಗೆ ನೆರೆಹೊರೆಯಾದ ಎರಡು ಪ್ರಸಾರಗಳಲ್ಲಿ ಬಲವಾದುದು ದುರ್ಬಲವಾದುದರ ಮೇಲೆ ಚೆಲ್ಲುವ ಸಂಭವವಿರುವುದರಿಂದ, ಅಂಥ ಮನೆಗೆ ಒಂದೇ ದಿಕ್ಕನ್ನು ನೋಡುವ ಆಂಟೆನಾ ಹೆಚ್ಚು ಉಪಯುಕ್ತ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೋ ಉಡಾ ಮತ್ತು ಹಿದೆತ್ಸುಗು ಯಾಗಿ ಎಂಬ ವಿದ್ವಾಂಸರು 1926ರಲ್ಲಿ ಲೋಕಕ್ಕೆ ಪರಿಚಯಿಸಿದ, ಯಾಗಿ ಎಂದೇ ಹೆಸರಾದ ಆಂಟೆನಾದ ಗುಣವೇ ಇದು: ಡೈಪೋಲಿನ ಹಿಂದೆ ಸ್ವಲ್ಪ ಉದ್ದವಾದ ಒಂದು ಕಡ್ಡಿ ಪ್ರತಿಫಲಕವಾಗಿಯೂ, ಮುಂದೆ ಸ್ವಲ್ಪ ಗಿಡ್ಡವಾದ ಕಡ್ಡಿಗಳು ನಿರ್ದೇಶಕಗಳಾಗಿಯೂ ನಿಂತು, ಮುಂದಿನಿಂದ ಬರುವುದನ್ನು ಒಟ್ಟುಗೂಡಿಸಿ ಹಿಂದಿನಿಂದ ಬರುವುದನ್ನು ತಡೆಯುತ್ತವೆ. ಮೂರು ಕಡ್ಡಿಗಳ ಯಾಗಿಯೂ ಬರಿಯ ಡೈಪೋಲಿಗಿಂತ ಸುಮಾರು ಮೂರು ಪಟ್ಟು ಶಕ್ತಿಯನ್ನು ಕೊಡಬಲ್ಲದು. ಅದಕ್ಕಿಂತಲೂ ಮಿಗಿಲಾಗಿ, ಪಕ್ಕದ ಬಂಡೆಗಳಿಂದ ಬರುವ ಪ್ರತಿಫಲನಗಳನ್ನು ನಿವಾರಿಸಿ ‘ಸ’ಕಾರಗಳ ಒರಟುತನವನ್ನು ಕಳೆಯಬಲ್ಲದು. ಇದರ ಅಳತೆಗಳೂ ಓಮುಗಳ ಹೊಂದಾಣಿಕೆಯೂ ಡೈಪೋಲಿನಷ್ಟು ಸರಳವಲ್ಲವಾದ್ದರಿಂದ ಸಿದ್ಧವಾದುದನ್ನು ಕೊಳ್ಳುವುದೇ ಲೇಸು. ತಾರಸಿಯ ಮೇಲೆ ಹಳೆಯ ದೂರದರ್ಶನದ ಆಂಟೆನಾ ಇನ್ನೂ ಉಳಿದಿರುವ ಮನೆಗಳವರು ಮೊದಲು ಅದನ್ನೇ ಜೋಡಿಸಿ ನೋಡಬಹುದು; ಅದು ಬೇರೆಯ ಪಟ್ಟಿಗೆಂದು ಅಳೆದು ಮಾಡಿದ್ದಾದರೂ, ಕೋಣೆಯ ಸುರುಳಿತಂತಿಗಿಂತ ಎತ್ತರದಲ್ಲಿರುವ ಮಾತ್ರಕ್ಕೇ ಎಷ್ಟೋ ವಾಸಿಯಾಗಿ ಕೆಲಸಮಾಡುವುದುಂಟು.

ಅಂಗಡಿಗೆ ಹೋದವರಿಗೆ ವ್ಯಾಪಾರಿಯು ಮೊದಲು ತೋರಿಸುವುದು ಬೂಸ್ಟರನ್ನು. ಇದನ್ನು ಕುರಿತು ಸ್ಪಷ್ಟವಾಗಿ ಹೇಳಬೇಕಾದುದು ಅಗತ್ಯ: ಬೂಸ್ಟರು ಬಂದ ಅಲೆಯನ್ನೂ ಅದರೊಡನೆ ಬಂದ ಗದ್ದಲವನ್ನೂ ಸಮನಾಗಿ ಹಿಗ್ಗಿಸಿ, ತನ್ನದೊಂದಿಷ್ಟು ಗದ್ದಲವನ್ನೂ ಸೇರಿಸುತ್ತದೆ. ಕೇಬಲ್ಲು ಬಹಳ ಉದ್ದವಾಗಿದ್ದು ನಡುದಾರಿಯ ನಷ್ಟವನ್ನು ತುಂಬಬೇಕಾದಾಗ, ಅಥವಾ ಒಂದೇ ಆಂಟೆನಾವನ್ನು ಎರಡು ಮೂರು ಯಂತ್ರಗಳಿಗೆ ಹಂಚಬೇಕಾದಾಗ, ಅದನ್ನು ಕಂಬದ ತುದಿಯಲ್ಲಿ, ಆಂಟೆನಾದ ಬುಡದಲ್ಲಿಯೇ ಇಟ್ಟರೆ ಪ್ರಯೋಜನವಿದೆ. ಯಂತ್ರದ ಪಕ್ಕದಲ್ಲಿಟ್ಟ ಬೂಸ್ಟರು ದಾರಿಯಲ್ಲಿ ಕಳೆದುಹೋದುದನ್ನು ಮರಳಿ ತರಲಾರದು. ನಗರದೊಳಗಂತೂ ಅದು ಹಾನಿಕರ. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಆರಂಭವಾದಂದಿನಿಂದ ಆ ನಗರದ ಆಕಾಶದಲ್ಲಿ ಬಲವಾದ ಪ್ರಸಾರಗಳ ಸಂಖ್ಯೆ ಏರುತ್ತಲೇ ಬಂದಿದೆ. ಅವೆಲ್ಲವನ್ನೂ ಹಿಗ್ಗಿಸಿ ಟ್ಯೂನರಿನ ಬಾಯಿಗೆ ತುರುಕಿದರೆ ಅವು ಒಳಗೆ ಒಂದಕ್ಕೊಂದು ಬೆರೆತು, ಇಲ್ಲದ ಸ್ಥಾನಗಳಲ್ಲಿ ಭ್ರಾಮಕ ನಿಲಯಗಳನ್ನು ಹುಟ್ಟಿಸುತ್ತವೆ. ಅಂಥಲ್ಲಿ ಬೇಕಾದುದು ಇದಕ್ಕೆ ತದ್ವಿರುದ್ಧವಾದ ಸಾಧನ, ಬಲವನ್ನು ತಗ್ಗಿಸುವ ಅಟೆನ್ಯುಯೇಟರು. ಅದಿಲ್ಲದವರು ಆಂಟೆನಾವನ್ನು ಕಿರಿದು ಮಾಡಿಯಾದರೂ ನೋಡಬೇಕು.

ಮನೆಯೊಳಗಿನ ಗದ್ದಲದ ಶೋಧನೆಗೆ ಆ ಚಿಕ್ಕ ಬ್ಯಾಟರಿ ರೇಡಿಯೋವೇ ಉತ್ತಮ ಸಹಾಯಕ. ಅದನ್ನು ಕ್ಷೀಣವಾದ ಒಂದು ನಿಲಯದ ಮೇಲಿಟ್ಟು, ಮನೆಯ ಮೇನ್ ಸ್ವಿಚ್ಚನ್ನು ಆರಿಸಬೇಕು, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಗದ್ದಲವು ಥಟ್ಟನೆ ತಗ್ಗಿದರೆ, ಒಂದೊಂದೇ ಎಂ.ಸಿ.ಬಿ.ಯನ್ನು ಮೇಲೆತ್ತುತ್ತ ಹೋದಂತೆ ಅಪರಾಧಿಯು ತಾನಾಗಿ ಸಿಕ್ಕಿಬೀಳುತ್ತಾನೆ. ಅಗ್ಗದ ಎಲ್‌ಇಡಿ ಬಲ್ಬುಗಳೊಳಗಿನ ಮಂಡಲಗಳು, ಮೊಬೈಲು ಮತ್ತು ಲ್ಯಾಪ್‌ಟಾಪುಗಳ ಚಾರ್ಜರುಗಳು, ವೈ-ಫೈ ರೂಟರಿಗೆ ವಿದ್ಯುತ್ತು ಕೊಡುವ ಅಡಾಪ್ಟರು, ಇವುಗಳಲ್ಲಿ ವಿದ್ಯುತ್ತು ಕ್ಷಣಕ್ಕೆ ಸಾವಿರಾರು ಬಾರಿ ಕಡಿದು ಕೂಡುತ್ತಿರುವುದರಿಂದ ಅದರ ಪ್ರತಿಧ್ವನಿಗಳು ಎಫ್.ಎಂ. ಪಟ್ಟಿಯವರೆಗೂ ಏರಿಬರುತ್ತವೆ. ದೋಷವುಳ್ಳ ಬಲ್ಬನ್ನು ಬದಲಿಸುವುದು, ಅಡಾಪ್ಟರನ್ನು ಸ್ಟೀರಿಯೋದಿಂದ ದೂರದ ಸಾಕೆಟ್ಟಿಗೆ ಸಾಗಿಸುವುದು, ತೆಗೆಯಲಾಗದ ತಂತಿಗಳಿಗೆ ಫೆರೈಟಿನ ಉಂಗುರವನ್ನು ತೊಡಿಸುವುದು, ಇವಿಷ್ಟೇ ಪರಿಹಾರಗಳು. ಆಂಟೆನಾವನ್ನು ಮನೆಯಿಂದಲೇ ಮೇಲಕ್ಕೆತ್ತಿ ದೂರವಿಟ್ಟಾಗ ಈ ಪೀಡೆಯೂ ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುವುದು.

ವಿದೇಶದಲ್ಲಿರುವ ಮಕ್ಕಳು ತಂದುಕೊಟ್ಟ, ಅಥವಾ ಹಳೆಯ ಸಾಮಾನಿನ ಪೇಟೆಯಲ್ಲಿ ಕೊಂಡ ಯಂತ್ರಗಳ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. ಜಪಾನಿನ ಒಳಪೇಟೆಗೆಂದು ತಯಾರಾದ ಹಳೆಯ ಟ್ಯೂನರುಗಳ ಪಟ್ಟಿಯು 76ರಿಂದ 90 ಮೆಗಾಹರ್ಟ್ಸಿನವರೆಗೆ ಮಾತ್ರ. ಅಂಥವಕ್ಕೆ ಎಷ್ಟು ಎತ್ತರದ ಆಂಟೆನಾ ಹಾಕಿದರೂ ನಮ್ಮ ನಿಲಯಗಳಲ್ಲಿ ಬಹುಪಾಲು ಕೇಳಿಸುವುದಿಲ್ಲ. ಅಮೆರಿಕದ ಡಿಜಿಟಲ್ ಟ್ಯೂನರುಗಳಲ್ಲಿ ಹಲವು 0.2 ಮೆಗಾಹರ್ಟ್ಸಿನ ಹೆಜ್ಜೆಗಳಲ್ಲಿ, 100.5, 100.7 ಎಂಬಂತೆ ಬೆಸಸಂಖ್ಯೆಗಳ ಮೇಲೆಯೇ ನಡೆಯುತ್ತವೆ. ಅವುಗಳಲ್ಲಿ ಬೆಂಗಳೂರಿನ 101.3 ಸರಿಯಾಗಿ ದೊರೆತರೂ ಮೈಸೂರಿನ 100.6 ಎರಡು ಹೆಜ್ಜೆಗಳ ನಡುವೆ ಬಿದ್ದು ಒರಟಾಗಿ ಕೇಳಿಸುತ್ತದೆ. ಇದನ್ನು ದುರ್ಬಲವಾದ ಅಲೆಯೆಂದು ಭ್ರಮಿಸಬಾರದು. ಕೆಲವು ಯಂತ್ರಗಳ ಹಿಂಬದಿಯಲ್ಲಿ, ಮಧ್ಯಮ ತರಂಗದ ಹೆಜ್ಜೆಯನ್ನು 10ರಿಂದ 9 ಕಿಲೋಹರ್ಟ್ಸಿಗೆ ಬದಲಿಸುವ ಸ್ವಿಚ್ಚೇ ಎಫ್.ಎಂ. ಹೆಜ್ಜೆಯನ್ನೂ ಬದಲಿಸುತ್ತದೆ, ಕೈಪಿಡಿಯಲ್ಲಿ ಹುಡುಕಿದರೆ ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಕೂಡದು. ಕಂಬವು ಉರುಳಿಬಿದ್ದರೂ ವಿದ್ಯುತ್ತಿನ ಲೈನನ್ನು ಮುಟ್ಟದಷ್ಟು ದೂರದಲ್ಲಿಯೇ ಅದನ್ನು ನೆಡಬೇಕು. ಏರಿಸುವಾಗ ಒಬ್ಬರೇ ಇರಬಾರದು, ಗಾಳಿಯಿರುವ ದಿನ ಆ ಕೆಲಸಕ್ಕೆ ಕೈಹಾಕಬಾರದು. ಕಬ್ಬಿಣದ ಕಂಬವನ್ನು ದಪ್ಪನಾದ ತಾಮ್ರದ ತಂತಿಯಿಂದ ನೆಲದ ಅರ್ಥಿಂಗಿಗೆ ಜೋಡಿಸುವ ಕೆಲಸವನ್ನು ಅನುಭವಿಯಾದ ಎಲೆಕ್ಟ್ರಿಷಿಯನ್ನರಿಂದ ಮಾಡಿಸಬೇಕು. ನಮ್ಮ ನಾಡಿನಲ್ಲಿ ಏಪ್ರಿಲ್ ಮೇ ತಿಂಗಳುಗಳ ಸಂಜೆಗಳಲ್ಲಿ ಸಿಡಿಲು ಹೆಚ್ಚಾದುದರಿಂದ, ಮೋಡ ಕಟ್ಟುವ ಸೂಚನೆ ಕಂಡಾಗಲೇ, ಗುಡುಗು ಕೇಳುವ ಮುನ್ನವೇ, ಕೇಬಲ್ಲನ್ನು ಯಂತ್ರದಿಂದ ಬಿಚ್ಚಿ ಹೊರಗಿಡುವ ಅಭ್ಯಾಸವು ಮನೆಮಂದಿಗೆಲ್ಲ ಇರಬೇಕು. ಗುಡುಗು ಆರಂಭವಾದ ಮೇಲೆ ಕೇಬಲ್ಲನ್ನು ಮುಟ್ಟಬಾರದು. ಕೇಬಲ್ಲು ಗೋಡೆಯನ್ನು ಹೊಗುವಲ್ಲಿ ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿ ಒಳಗೆ ತಂದರೆ, ಮಳೆಯ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೊರಗೇ ಉಳಿಯುತ್ತದೆ.

ಕಣಿವೆಗಳಲ್ಲಿ, ಮುಖ್ಯವಾಗಿ ಮಲೆನಾಡು ಕೊಡಗುಗಳ ಇಳುಕಲುಗಳಲ್ಲಿ ಮನೆ ಮಾಡಿಕೊಂಡವರಿಗೆ ನಿಲಯದ ನೇರ ದಿಕ್ಕಿನಲ್ಲಿ ಬೆಟ್ಟವೇ ಅಡ್ಡನಿಂತಿರುವುದರಿಂದ ಮೇಲಿನ ಲೆಕ್ಕಗಳಲ್ಲಿ ಕೆಲವು ತಲೆಕೆಳಗಾಗುತ್ತವೆ. ಅವರು ನಕಾಶೆಯನ್ನು ನೆಚ್ಚಬಾರದು. ಒಬ್ಬರು ತಾರಸಿಯ ಮೇಲೆ ಯಾಗಿಯನ್ನು ಮೆಲ್ಲನೆ ಸುತ್ತಲೂ ತಿರುಗಿಸುತ್ತಿರಲು, ಮತ್ತೊಬ್ಬರು ಕೆಳಗೆ ಯಂತ್ರವನ್ನು ಮೋನೋದಲ್ಲಿಟ್ಟು ಕೇಳುತ್ತಿದ್ದು, ಎಲ್ಲಿ ‘ಸುಯ್’ ಶಬ್ದವು ಅತ್ಯಂತ ಕಡಿಮೆಯಾಗುವುದೋ ಅಲ್ಲಿ ಕೂಗಿ ಹೇಳಬೇಕು. ಎದುರು ಸಾಲಿನ ಗುಡ್ಡದ ಬೋಳು ಮುಖವೊಂದರಿಂದ ಪ್ರತಿಫಲಿತವಾಗಿ ಬರುವ ಅಲೆಯೇ ಅಲ್ಲಿ ನೇರ ಅಲೆಗಿಂತ ಬಲವಾಗಿರುವುದು ಸಾಧ್ಯ. ಆಗ ನಿಲಯಕ್ಕೆ ಬೆನ್ನು ಮಾಡಿ ಗುಡ್ಡವನ್ನು ನೋಡುವ ಆಂಟೆನಾವೇ ಸರಿಯಾದ ಆಂಟೆನಾ. ಹಾಗೆ ಕಂಡುಕೊಂಡ ದಿಕ್ಕನ್ನು ಕಂಬದ ಮೇಲೆ ಬಣ್ಣದಿಂದ ಗುರುತುಮಾಡಿ, ನಟ್ಟುಗಳನ್ನು ಬಿಗಿದು, ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಗುರುತಿನ ಸ್ಥಾನವನ್ನೂ ಕೇಬಲ್ಲಿನ ಕೂಡುಸ್ಥಳವನ್ನೂ ಪರಿಶೀಲಿಸುತ್ತಿರಬೇಕು.